ಒಂದು ಸುತ್ತು ತಿರುಗಿ ಬಂದರೆ ಎಂತ ನಷ್ಟ?

ಎಂಗಳ ಕುಟುಂಬದ ವಾಟ್ಸಾಪು ಗ್ರೂಪಿಲಿ 53 ಜೆನ ಇತ್ತಿದ್ದವು, ಈಗ 49. ಬಿಟ್ಟು ಹೋದ ನಾಲ್ಕು ಜೆನ ಜಾಗೆಯ ಪಾಲಿನ ವಿಷಯಲ್ಲೋ, ಜೆಂಬ್ರದ ಹೇಳಿಕೆ ಎತ್ತಿದ್ದಿಲ್ಲೆ ಹೇಳಿಯೋ ಪಿಸುರು ಬಂದು ಹೋದ್ದಲ್ಲ. ವಿಮಾನ ಬೀಳುದು ಆರ ಸರ್ಕಾರಲ್ಲಿ ಜಾಸ್ತಿ ಹೇಳ್ತ ಚರ್ಚೆಲಿ ಹೋದ್ದು! ಕೇಳಿರೆ ನೆಗೆ ಬಕ್ಕು. ಎನಗೂ ಸುರುವಿಂಗೆ ನೆಗೆ ಬಂದದೇ.

ಹೋದವರಲ್ಲಿ ಒಬ್ಬ ಬೆಳ್ತಂಗಡಿ ಅತ್ತಿಗೆಯ ಮಗ. ಅವನೊಟ್ಟಿಂಗೆ ಲಡಾಯಿ ಮಾಡಿದ್ದು ಮೂಡಬಿದ್ರೆ ಭಾವ, ಹೇಳಿರೆ ಅವನ ಸ್ವಂತ ಸೋದರಮಾವ. ಸಣ್ಣಾಗಿಪ್ಪಗ ಆ ಮಾಣಿಯ ಹೆಗಲಿಲಿ ಕೂರ್ಸಿಗೊಂಡು ಸಾವಿರಕಂಬದ ಬಸದಿ ತೋರ್ಸಿದ ಮಾವ. ಬಪ್ಪ ಫಾಲ್ಗುಣಲ್ಲಿ ಮಾಣಿಯ ಮದುವೆ. "ಆನು ಬತ್ತಿಲ್ಲೆ" ಹೇಳಿ ಭಾವ. "ಅವು ಬಾರದ್ದರೂ ಮದುವೆ ನಡಗು" ಹೇಳಿ ಮಾಣಿ. ಮಧ್ಯಲ್ಲಿ ಅತ್ತಿಗೆ ಎನಗೆ ಫೋನು ಮಾಡಿ ಕೂಗುತ್ತವು. ಸೋದರಮಾವ ಇಲ್ಲದ್ದ ಮದುವೆಯ ನಮ್ಮಲ್ಲಿ ಆರಾದರೂ ಕಂಡಿದಿರೋ? ಹಾಂಗಾಗಿ ಇದರ ಬರೆಯದ್ದೆ ನಿವೃತ್ತಿ ಇಲ್ಲೆ.

ಸುರು ಆದ್ದು ಹೀಂಗೆ. 2025ರ ಜೂನ್ 12ಕ್ಕೆ ಅಹಮದಾಬಾದಿಂದ ಲಂಡನಿಂಗೆ ಹೆರಟ ಏರ್ ಇಂಡಿಯಾ ವಿಮಾನ ಏರಿದ ಕ್ಷಣಲ್ಲೇ ಬಿದ್ದತ್ತು. ಒಳ ಇದ್ದ 242 ಜೆನಲ್ಲಿ ಒಬ್ಬ ಮಾಂತ್ರ ಒಳುದ. ಕೆಳ ಇದ್ದ 19 ಜೆನವೂ ಸೇರಿ ಒಟ್ಟು 260 ಜೆನ ತೀರಿಹೋದವು. ಎಂಗೊ ಊಟ ಮುಗುಶಿ ಟಿ.ವಿ. ಹಾಕಿದಪ್ಪಗ ಅದೇ ಸುದ್ದಿ.

ಹೊತ್ತೋಪಗಾಣ ಕಾಪಿ ಅಪ್ಪಂದ ಮದಲೇ ಗ್ರೂಪಿಲಿ ತೀರ್ಪು ಬಂದಾಗಿತ್ತು. ಅದು ಟರ್ಕಿಯ ಕಂಪೆನಿ ರಿಪೇರಿ ಮಾಡಿದ ವಿಮಾನ, ಬೇಕೂಳಿಯೇ ಬೀಳುಸಿದ್ದು ಹೇಳಿ ಭಾವ ಒಂದು ಮೆಸೇಜು ಹಾಕಿದವು. ಎಂಗೊ ಆ ವಿಮಾನದ ಕೆಲಸ ಮಾಡಿದ್ದಿಲ್ಲೆ ಹೇಳಿ ಟರ್ಕಿಯವು ಮತ್ತೆ ಹೇಳಿದವು. ಆ ಸುದ್ದಿಯ ಆರೂ ಹಾಕಿದ್ದವಿಲ್ಲೆ. ಏರ್ ಇಂಡಿಯಾವ ಮಾರಿದ್ದಕ್ಕೇ ಹೀಂಗಾದ್ದು, ಈ ಸರ್ಕಾರಲ್ಲಿ ಆಕಾಶಲ್ಲಿಯೂ ರಕ್ಷೆ ಇಲ್ಲೆ ಹೇಳಿ ಮಾಣಿ ಹಾಕಿದ. "ನಿಂಗಳವರ ಸರ್ಕಾರ ಇಪ್ಪಗ 2010ರಲ್ಲಿ ಬಜ್ಪೆಲಿ 158 ಜೆನ ಸತ್ತದು ಮರದತ್ತೋ?" ಹೇಳಿ ಭಾವ. "2020ರಲ್ಲಿ ಕೋಯಿಕ್ಕೋಡಿಲಿ 21, ಈಗ 260. ಕೂಡ್ಸಿ ನೋಡಿ ಮಾವ" ಹೇಳಿ ಮಾಣಿ. ಕ್ರಿಕೆಟ್ಟಿನ ರನ್ನಿನ ಹಾಂಗೆ ಸತ್ತವರ ಲೆಕ್ಕ ಹಾಕಿದವು.

ಅದೇ ಗ್ರೂಪಿಲಿ, 2010ರ ವಿಮಾನಲ್ಲಿ ಹತ್ತರಾಣವರ ಕಳಕ್ಕೊಂಡ ಒಂದು ಅಕ್ಕ ಇತ್ತಿದ್ದವು. ಅವು ಆ ದಿನ ಒಂದಕ್ಷರ ಬರದ್ದವಿಲ್ಲೆ. ಇರುಳು ಒಂಬತ್ತು ಗಂಟಗೆ ಗ್ರೂಪಿಂದ ಹೆರ ಹೋದವು. ಎಂತಕೆ ಹೋದ್ದು ಅಕ್ಕಾ ಹೇಳಿ ಎಂಗೊ ಆರೂ ಕೇಳಿದ್ದಿಲ್ಲೆ.

ಈಗ ಎನ್ನ ತಪ್ಪಿನ ಹೇಳ್ತೆ. ಅಂದು ಆನೂ ಒಂದು ವೀಡಿಯೋ ಕಳುಸಿದ್ದೆ. ವಿಮಾನದ ಒಳ ಕೂದು ಒಬ್ಬ ತೆಗದ್ದು. ನೆಗೆ ಮಾಡಿಗೊಂಡಿಪ್ಪಗಳೇ ಪಕ್ಕನೆ ಬೊಬ್ಬೆ, ಮತ್ತೆ ಕಿಚ್ಚು. ಅಹಮದಾಬಾದಿನದ್ದು ಹೇಳಿ ಬಂದದರ ಬೆಂಗ್ಳೂರಿಲಿಪ್ಪ ಮಗಳಿಂಗೂ ಕಳುಸಿ, "ನೀನು ಪುಳ್ಳಿಯ ಕರಕ್ಕೊಂಡು ವಿಮಾನಲ್ಲಿ ಬಪ್ಪದು ಬೇಡ" ಹೇಳಿ ಬರದೆ. ಅದಕ್ಕೆ ಕೊಡೆಯಾಲಕ್ಕೆ ಟಿಕೇಟು ಆಗಿತ್ತು, ಒಂದು ಗಂಟೆಯ ದಾರಿ. ಆನು ಫೋನಿಲಿ ಕೂಗಿದ್ದಕ್ಕೆ ಟಿಕೇಟು ಕ್ಯಾನ್ಸಲು ಮಾಡಿ ಇರುಳಾಣ ಬಸ್ಸಿಲಿ ಹೆರಟತ್ತು.

ಜೋರು ಮಳೆ. ಶಿರಾಡಿ ಘಾಟಿಲಿ ಗುಡ್ಡೆ ಜರುದು ಮಾರ್ಗ ಬಂದ್. ಒಂದು ಕಡೆ ಗುಡ್ಡೆ, ಇನ್ನೊಂದು ಕಡೆ ಹೊಳೆ, ಮಧ್ಯಲ್ಲಿ ಐದು ಗಂಟೆ ಬಸ್ಸು ಕತ್ತಲೆಲಿ ನಿಂದತ್ತು. ಪುಳ್ಳಿಗೆ ಮೂರು ವರ್ಷ. ಫೋನು ಸಿಕ್ಕುತ್ತಿಲ್ಲೆ. ಆನು ದೇವರೊಳ ದೀಪ ಹೊತ್ತುಸಿ ಕೂದೆ, ಉದಿಯಪ್ಪನ್ನಾರ ಕಣ್ಣು ಮುಚ್ಚಿದ್ದಿಲ್ಲೆ. ಬಿ.ಸಿ.ರೋಡಿಲಿ ಬಸ್ಸಿಂದ ಇಳುದ ಮಗಳು ಹೇಳಿದ ಸುರುವಾಣ ಮಾತು, "ಅಮ್ಮಾ, ಆ ವೀಡಿಯೋ ನೇಪಾಳದ್ದು."

2023ರ ಜನವರಿ 15ಕ್ಕೆ ಪೋಖರಾಲ್ಲಿ ಬಿದ್ದ ವಿಮಾನದ್ದಡ. ಎರಡು ವರ್ಷಂದ ಹಳತ್ತು. ಲೊಟ್ಟೆ ಹೇಳಿದ್ದು ಆರೋ, ನಂಬಿದ್ದು ಆನು, ಘಾಟಿಲಿ ಕೂದ್ದು ಪುಳ್ಳಿ.

ಆ ದಿನ ಮಧ್ಯಾನ ಹಪ್ಪಳ ಹೊರಿವಗ ಮಗಳು ಎನಗೆ ಲೆಕ್ಕ ಹೇಳಿತ್ತು. ನಮ್ಮ ದೇಶದ ಮಾರ್ಗಂಗಳಲ್ಲಿ 2022ರ ಒಂದೇ ವರ್ಷಲ್ಲಿ 1,68,491 ಜೆನ ಸತ್ತಿದವು. ಇದು ಕೇಂದ್ರ ಸಾರಿಗೆ ಇಲಾಖೆಯ ಲೆಕ್ಕ. ದಿನಕ್ಕೆ 460ರಿಂದ ಜಾಸ್ತಿ. ಅಹಮದಾಬಾದಿಲಿ ಹೋದಷ್ಟು ಜೀವ ಮಾರ್ಗಲ್ಲಿ ಹೋಪಲೆ 14 ಗಂಟೆ ಸಾಕು. ಆದರೆ ಅದು ಒಂದೇ ಕಡೆ ಆವುತ್ತಿಲ್ಲೆ. ಕಲ್ಲಡ್ಕಲ್ಲಿ ಒಂದು, ಗುರುವಾಯನಕೆರೆಲಿ ಒಂದು ಹೇಳಿ ಪೇಪರಿನ ಒಳಾಣ ಪುಟಲ್ಲಿ ನಾಲ್ಕು ಗೆರೆ ಬತ್ತು, ನಾವು ಓದಿ ಮರೆತ್ತು.

ಇಡೀ ಲೋಕಲ್ಲಿ 2024ರಲ್ಲಿ 4 ಕೋಟಿ 6 ಲಕ್ಷ ಸರ್ತಿ ವಿಮಾನ ಹಾರಿದ್ದಡ. ಜೀವ ಹೋದ ಅವಘಡ 7. ವಿಮಾನ ಕಂಪೆನಿಗಳ ಅಂತಾರಾಷ್ಟ್ರೀಯ ಸಂಘ ಕೊಟ್ಟ ಲೆಕ್ಕ ಇದು. ಅವರದ್ದೇ ಲೆಕ್ಕಲ್ಲಿ 2023ರಲ್ಲಿ ಒಂದೇ ಒಂದು, ಆ ಪೋಖರಾದ್ದು, 72 ಜೆನ. 2024ರಲ್ಲಿ ಒಟ್ಟು 244 ಜೆನ. ನೋಡಿ, ಒಂದೇ ವರ್ಷಲ್ಲಿ ಮೂರು ಪಾಲಿಂದ ಜಾಸ್ತಿ ಆತು! ಲಡಾಯಿ ಮಾಡೆಕ್ಕು ಹೇಳಿ ಹೆರಟವಂಗೆ ಇಷ್ಟು ಧಾರಾಳ ಸಾಕು. ಆದರೆ ಅಪರೂಪಕ್ಕೆ ಅಪ್ಪ ಸಂಗತಿಗೊ ಹಾಂಗೇ ಇಪ್ಪದು. ಒಂದು ವರ್ಷ ಇಲ್ಲೆ, ಮತ್ತಾಣ ವರ್ಷ ಎರಡು ಮೂರು ಒಟ್ಟಿಂಗೆ. ಎಂಗಳ ಹಟ್ಟಿಯ ಮಾಡಿಂಗೆ ಕಳುದ ವರ್ಷ ಒಂದೂ ಕಾಯಿ ಬಿದ್ದಿದಿಲ್ಲೆ, ಈ ವರ್ಷ ಮೂರು ಬಿದ್ದು ಹಂಚು ಒಡದತ್ತು. ತೆಂಗಿನ ಮರ ಪಕ್ಷ ಬದಲ್ಸಿದ್ದೋ?

ನಮ್ಮ ಬಜ್ಪೆಯನ್ನೇ ನೋಡಿ. 1981ರ ಆಗಸ್ಟ್ 19ಕ್ಕೆ ಅಲ್ಲಿ ಒಂದು ವಿಮಾನ ರನ್‌ವೇ ದಾಂಟಿ ಹೋಗಿತ್ತು, ಪುಣ್ಯಕ್ಕೆ ಆರೂ ಸತ್ತಿದವಿಲ್ಲೆ. ಅಂಬಗ ಇಂದಿರಾ ಗಾಂಧಿ ಪ್ರಧಾನಿ. 2010ರ ಮೇ 22ಕ್ಕೆ ಆದ್ದಪ್ಪಗ ಡೆಲ್ಲಿಲಿ ಮನಮೋಹನ ಸಿಂಗ್, ಬೆಂಗ್ಳೂರಿಲಿ ಯಡಿಯೂರಪ್ಪ. 2020ರ ಆಗಸ್ಟ್ 7ಕ್ಕೆ ಕೋಯಿಕ್ಕೋಡಿಲಿ ಆದ್ದಪ್ಪಗ ಡೆಲ್ಲಿಲಿ ಮೋದಿ, ಕೇರಳಲ್ಲಿ ಪಿಣರಾಯಿ. ಇನ್ನು ಯೇವ ಪಕ್ಷ ಬಾಕಿ?

ಆದರೆ ಬಜ್ಪೆಲಿಯೂ ಕೋಯಿಕ್ಕೋಡಿಲಿಯೂ ಆದ್ದರಲ್ಲಿ ಒಂದು ಸಂಗತಿ ಒಂದೇ ನಮೂನೆ. ಎರಡೂ ಗುಡ್ಡೆಯ ತಲೆ ಸಮ ಮಾಡಿ ಕಟ್ಟಿದ ರನ್‌ವೇ, ಎರಡೂ ದುಬೈಂದ ಬಂದ ವಿಮಾನ. 2010ರ ತನಿಖೆಯ ವರದಿ ಪ್ರಕಾರ ವಿಮಾನ ತುಂಬ ಮೇಗಂದ, ತುಂಬ ಜೋರಿಲಿ ಬಂತು. ಮುಖ್ಯ ಪೈಲೆಟ್ ದಾರಿಲಿ ಸುಮಾರು ಹೊತ್ತು ಒರಗಿತ್ತಿದ್ದ. ಒಟ್ಟಿಂಗಿದ್ದ ಕಿರಿಯ ಪೈಲೆಟ್ ಮೂರು ಸರ್ತಿ "ಗೋ ಅರೌಂಡ್" ಹೇಳಿದ. ಹೇಳಿರೆ, ಈಗ ಇಳುಶುದು ಬೇಡ, ಪುನಾ ಮೇಗೆ ಏರಿ ಒಂದು ಸುತ್ತು ತಿರುಗಿ ಬಪ್ಪೊ ಹೇಳಿ. ಮೆಷಿನುದೇ ಎಚ್ಚರ್ಸಿತ್ತು. ಹೆರಿಯವ ಕೇಳಿದ್ದನಿಲ್ಲೆ. 2,450 ಮೀಟರಿನ ರನ್‌ವೇಲಿ ಹತ್ತರತ್ತರೆ ಮೂರರಲ್ಲಿ ಎರಡು ಪಾಲು ಕಳುದ ಮತ್ತೆ ಚಕ್ರ ನೆಲಕ್ಕೆ ತಾಗಿತ್ತು. 166 ಜೆನಲ್ಲಿ ಒಳುದ್ದು 8.

ಹತ್ತು ವರ್ಷ ಕಳುದು ಕೋಯಿಕ್ಕೋಡಿಲಿ, ಮಳೆಗೆ, ಪುನಾ ಅದೇ ಕತೆ. ಒಟ್ಟಿಂಗಿದ್ದ ಪೈಲೆಟ್ "ಗೋ ಅರೌಂಡ್" ಹೇಳಿದರೂ ಕೇಳದ್ದೆ, ಅರ್ಧ ರನ್‌ವೇ ಕಳುದ ಮತ್ತೆ ಇಳುಶಿದ್ದು ಹೇಳಿ ಅಲ್ಯಾಣ ವರದಿ. ಸರ್ಕಾರ ಬದಲಿತ್ತು. ಒಟ್ಟಿಂಗಿಪ್ಪವ ಬೇಡ ಹೇಳಿದ್ದರ ಕೇಳದ್ದದು ಬದಲಿದ್ದಿಲ್ಲೆ.

ಹಾಂಗೇಳಿ ಸರ್ಕಾರವ ಕೇಳ್ಲಾಗ ಹೇಳಿ ಅಲ್ಲ. ಕೇಳೆಕ್ಕು, ಎರಡೂ ಪಕ್ಷದವರ ಕೇಳೆಕ್ಕು. ಆದರೆ ಉಪಯೋಗದ ಪ್ರಶ್ನೆ ಕೇಳೆಕ್ಕು. ಬಜ್ಪೆಲಿ ರನ್‌ವೇ ದಾಂಟಿದ ವಿಮಾನದ ರೆಕ್ಕೆ ಕಾಂಕ್ರೀಟಿನ ಮೇಲೆ ನಿಲ್ಸಿದ ಆಂಟೆನಾಕ್ಕೆ ಬಡುದತ್ತು. ಹಾಂಗಿಪ್ಪ ಕಾಂಕ್ರೀಟು ನಮ್ಮ ದೇಶಲ್ಲಿ ಇನ್ನೂ ಎಲ್ಲೆಲ್ಲ ಇದ್ದು? ಪೈಲೆಟುಗೊಕ್ಕೆ ಬೇಕಾದಷ್ಟು ಒರಕ್ಕು ಸಿಕ್ಕುತ್ತೋ? ಕಿರಿಯವನ ಮಾತು ಕೇಳ್ಲೆ ಹೆರಿಯವಕ್ಕೆ ಕಲುಶುತ್ತವೋ? ಅಹಮದಾಬಾದಿನ ವಿಷಯಲ್ಲಿ ಜುಲೈಲಿ ಒಂದು ಸುರುವಾಣ ವರದಿ ಬಂತು. ಎರಡೂ ಇಂಜಿನಿಂಗೆ ಎಣ್ಣೆ ಬಿಡುವ ಸ್ವಿಚ್ಚು ಒಂದು ಸೆಕೆಂಡಿನ ಅಂತರಲ್ಲಿ ಬಂದ್ ಆತು ಹೇಳಿ ಅದರಲ್ಲಿ ಇದ್ದು, ಎಂತ ಕಾರಣ ಹೇಳಿ ಇಲ್ಲೆ. ಅಷ್ಟು ಹೇಳ್ಲೆ ತನಿಖೆಯವಕ್ಕೆ ಒಂದು ತಿಂಗಳು ಬೇಕಾತು. ಎಂಗಳ ಗ್ರೂಪಿಂಗೆ ಎರಡು ಗಂಟೆ ಸಾಕಾತು.

"ಗ್ರೂಪಿಲಿ ರಾಜಕೀಯವೇ ಬೇಡ ಹೇಳಿ ಮಾಡುವೊ" ಹೇಳಿ ಇವು ಹೇಳ್ತವು. ಎನಗೆ ಅದು ಸರಿ ಕಾಣ್ತಿಲ್ಲೆ. ಆನು ಈ ಮನಗೆ ಬಂದ ಕಾಲಲ್ಲಿ ಜೆಗಿಲಿಲಿ ಕೂದು ಅಡಕ್ಕೆ ಸೊಲಿವಗ ಎನ್ನ ಮಾವ ಒಂದು ಪಕ್ಷ, ಅವರ ತಮ್ಮ ಇನ್ನೊಂದು ಪಕ್ಷ. ಬೈಲಿಂಗೆ ಕೇಳುವಷ್ಟು ಬೊಬ್ಬೆ. ಆದರೆ ಅತ್ತೆ ಒಳಂದ "ಬಾಳೆ ಹಾಕಿದ್ದು" ಹೇಳಿರೆ ಇಬ್ರೂ ಎದ್ದು ಕೈಕಾಲು ತೊಳದು ಒಂದೇ ಹಂತಿಲಿ ಕೂದು ಉಂಡುಗೊಂಡಿತ್ತಿದ್ದವು. ಎದುರಾಣವನ ಮೋರೆ ಕಾಂಬಗ ಎಲ್ಲಿ ನಿಲ್ಸೆಕ್ಕು ಹೇಳಿ ಗೊಂತಾವುತ್ತು. ಫೋನಿಲಿ ಮೋರೆ ಕಾಣ್ತಿಲ್ಲೆ, ಬಾಳೆ ಹಾಕಿದ್ದು ಹೇಳ್ಲೂ ಆರೂ ಇಲ್ಲೆ.

ಹಾಂಗೆ ನೋಡಿರೆ ಹೇಳುವವು ಇತ್ತಿದ್ದವು. ಮೂಡಬಿದ್ರೆ ಅಕ್ಕ ಆ ದಿನ ಭಾವನ ಹತ್ತರೆ "ಸಾಕು, ಫೋನು ಮಡುಗಿ" ಹೇಳಿದ್ದವಡ, ಒಂದರಿ ಅಲ್ಲ. ಬೆಳ್ತಂಗಡಿ ಅತ್ತಿಗೆಯೂ ಮಗನ ಹತ್ತರೆ ಹೇಳಿದ್ದವಡ. ಇಬ್ರ ಮಾತಿಂಗೂ ಬೆಲೆ ಸಿಕ್ಕಿದ್ದಿಲ್ಲೆ. ಹೆಮ್ಮಕ್ಕೊಗೆ ವಿಮಾನದ ವಿಷಯ ಎಂತ ಗೊಂತಿದ್ದು ಹೇಳಿ ಇಕ್ಕು. ವಿಮಾನದ ವಿಷಯ ಗೊಂತಿಲ್ಲೆ. ಮಾತು ಎಲ್ಲಿ ರನ್‌ವೇ ದಾಂಟುತ್ತು ಹೇಳಿ ನವಗೆ ಸರೀ ಗೊಂತಿದ್ದು.

ಕಳುದ ವಾರ ಸಿದ್ದಕಟ್ಟೆ ದಾರಿಲಿ ಬಸ್ಸು ಹಿಡುದು ಮೂಡಬಿದ್ರೆಗೆ ಹೋದೆ. ಮದಾಲು ಎನ್ನ ವೀಡಿಯೋದ ಕತೆ ಹೇಳಿದೆ, ಮತ್ತೆ ಆ ಕಿರಿಯ ಪೈಲೆಟಿನ ವಿಷಯ. ಭಾವ ಎಲ್ಲ ಕೇಳಿಕ್ಕಿ, "ಮಾಣಿ ಮದಾಲು ಫೋನು ಮಾಡಲಿ" ಹೇಳಿದವು. ಬಂದು ಮಾಣಿಗೆ ಹೇಳಿರೆ, "ಮಾವ ಮದಾಲು ಮಾಡಲಿ" ಹೇಳಿ ಅವ. ಇಬ್ರಿಂಗೂ ಮನಸ್ಸಿದ್ದು. ತಿರುಗುಲೆ ಮಾಂತ್ರ ಅವಮಾನ. ಒಂದು ಸುತ್ತು ತಿರುಗಿ ಬಂದ ವಿಮಾನಕ್ಕೆ ಹತ್ತು ನಿಮಿಷ ತಡವಾವುತ್ತು, ರಜ ಎಣ್ಣೆ ಖರ್ಚಾವುತ್ತು, ಅಷ್ಟೆ. ಒಳ ಇಪ್ಪವೆಲ್ಲ ಮನಗೆ ಎತ್ತುತ್ತವು.

ಬಪ್ಪ ಶುಕ್ರವಾರ ಅತ್ತಿಗೆಯೂ ಆನೂ ಹೇಳಿಕೆ ಕಾಗದ ತೆಕ್ಕೊಂಡು ಮೂಡಬಿದ್ರೆಗೆ ಹೋವುತ್ತೆಯೊ. ಕಾರು ಬಿಡುದು ಮಾಣಿಯೇ. ಅಕ್ಕನ ಹತ್ತರೆ ನಾಲ್ಕು ಬಾಳೆ ಹೆಚ್ಚು ಹಾಕಲೆ ಹೇಳಿದ್ದೆ. ಅದರಿಂದ ಮದಲು, ಗ್ರೂಪಿಂದ ಹೆರ ಹೋದ ಆ ಅಕ್ಕನ ಮನಗೆ ಹೋಗಿ ತಪ್ಪಾತು ಹೇಳಿಕ್ಕಿ ಬತ್ತೆ. ಅದು ಜೂನಿಲೇ ಆಯೆಕ್ಕಾದ ಕೆಲಸ.

ಮದುವೆಗೆ ಮಗಳೂ ಪುಳ್ಳಿಯೂ ವಿಮಾನಲ್ಲಿ ಬತ್ತವು. ಆನೇ ಹೇಳಿ ಟಿಕೇಟು ಮಾಡ್ಸಿದ್ದು.