ಗಣಕದ ಲೆಕ್ಕಪಟ್ಟಿ: ಸಾಗಿಸುವಾಗ ಎಚ್ಚರವಿರಲಿ



ಸಹಕಾರ ಸಂಘಗಳಲ್ಲಿಯೂ ರೈತ ಉತ್ಪಾದಕರ ಸಂಸ್ಥೆಗಳಲ್ಲಿಯೂ ಸದಸ್ಯರ ಪಟ್ಟಿಯನ್ನು ಗಣಕಯಂತ್ರದಲ್ಲಿ ಇಡುವ ರೂಢಿ ಬೆಳೆದಿದೆ. ಇದು ಸ್ವಾಗತಾರ್ಹ. ಆದರೆ ಪಟ್ಟಿ ಒಂದೇ ಕಡೆ ನಿಲ್ಲುವುದಿಲ್ಲ. ಸಂಘದವರು ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ಬರೆದುದನ್ನು ಬೇರೆ ಕಚೇರಿಯವರು ಎಕ್ಸೆಲ್‌ನಲ್ಲಿ ತೆರೆಯುತ್ತಾರೆ. ತೂತುಬಿದ್ದ ಚೀಲದಿಂದ ಕಾಳು ಸೋರುವಂತೆ ಈ ಸಾಗಣೆಯಲ್ಲಿ ಮಾಹಿತಿ ಸೋರುವುದುಂಟು. ನಷ್ಟ ಮಾತ್ರ ಪಟ್ಟಿ ಕಳಿಸಿದವರದಲ್ಲ, ಅದರಲ್ಲಿ ಹೆಸರಿರುವ ರೈತನದು.

ಇಂತಹ ಸಾಗಣೆಗೆ ಹೆಚ್ಚಾಗಿ ಬಳಸುವುದು ಸಿ.ಎಸ್.ವಿ. ಕಡತ. ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರಿಯ ಅಕ್ಷರ, ಅಂಕಿಗಳ ಸಾಲುಗಳು ಇದರಲ್ಲಿರುತ್ತವೆ. ಎಲ್ಲ ತಂತ್ರಾಂಶಗಳೂ ಇದನ್ನು ಓದಬಲ್ಲವು. ಇದೇ ಇದರ ಗುಣ. ಆದರೆ ಯಾವುದು ಸಂಖ್ಯೆ, ಯಾವುದು ದಿನಾಂಕ, ಯಾವುದು ಬರಿಯ ಗುರುತು ಎಂಬುದನ್ನು ಈ ಕಡತ ಹೇಳುವುದಿಲ್ಲ. ತೆರೆಯುವ ತಂತ್ರಾಂಶವೇ ಊಹಿಸಿಕೊಳ್ಳುತ್ತದೆ.

ಈ ಊಹೆಯ ಫಲವನ್ನು ನೋಡಿರಿ. ಸರ್ವೆ ನಂಬರ್ 12/3 ಎಂಬುದು ಮಾರ್ಚ್ 12 ಆಗಿಬಿಡುತ್ತದೆ. ಖಾತೆ ಸಂಖ್ಯೆಯ ಮುಂದಿನ ಸೊನ್ನೆಗಳು ಅಳಿಯುತ್ತವೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ಕಾಯ್ದುಕೊಳ್ಳುವುದರಿಂದ, 16 ಅಂಕಿಗಳ ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ. 2 ಎಕರೆ 20 ಗುಂಟೆಯನ್ನು 2.20 ಎಂದು ಬರೆದಿದ್ದರೆ ಅದು 2.2 ಆಗುತ್ತದೆ, ಓದುವವರು 2 ಎಕರೆ 2 ಗುಂಟೆ ಎಂದುಕೊಂಡರೆ 18 ಗುಂಟೆ ಹೋಯಿತು! 1.30ಕ್ಕೆ 1.30 ಕೂಡಿಸಿದರೆ ಗಣಕ 2.60 ಎನ್ನುತ್ತದೆ, ನಮ್ಮ ಲೆಕ್ಕದಲ್ಲಿ ಅದು 3 ಎಕರೆ 20 ಗುಂಟೆ.

ವಿಜ್ಞಾನಿಗಳಿಗೂ ಈ ತೊಂದರೆ ತಪ್ಪಿಲ್ಲ. ಮಾನವ ವಂಶವಾಹಿಗಳ ಕೆಲವು ಹೆಸರುಗಳು ಎಕ್ಸೆಲ್‌ನಲ್ಲಿ ದಿನಾಂಕಗಳಾಗುತ್ತಿದ್ದುದರಿಂದ ಹೆಸರುಗಳನ್ನೇ ಬದಲಿಸಲಾಯಿತೆಂದು 2020ರಲ್ಲಿ ಪ್ರಕಟವಾಯಿತು. ನಮ್ಮ ಸರ್ವೆ ನಂಬರನ್ನು ಹಾಗೆ ಬದಲಿಸಲು ಬರುವುದಿಲ್ಲ. ಆದ್ದರಿಂದ ಪದ್ಧತಿಯನ್ನೇ ತಿದ್ದಿಕೊಳ್ಳತಕ್ಕದ್ದು.

ಎಕರೆ ಮತ್ತು ಗುಂಟೆಗೆ ಬೇರೆ ಬೇರೆ ಅಂಕಣಗಳಿರಲಿ. ಸರ್ವೆ ನಂಬರ್ ಮತ್ತು ಹಿಸ್ಸಾ ಸಹ ಬೇರೆಯಾಗಿರಲಿ. ಬಂದ ಕಡತವನ್ನು ನೇರವಾಗಿ ತೆರೆಯದೆ, ಆಮದು ಮಾಡುವ ಸೌಲಭ್ಯವನ್ನು ಬಳಸಿ, ಖಾತೆ ಸಂಖ್ಯೆಯ ಅಂಕಣವನ್ನು 'ಪಠ್ಯ' ಎಂದು ಗುರುತಿಸಬೇಕು. ಕನ್ನಡದ ಹೆಸರುಗಳು ಕೆಡದಂತೆ ಯು.ಟಿ.ಎಫ್.-8 ಎಂಬುದನ್ನು ಆರಿಸಬೇಕು. ಸಿ.ಎಸ್.ವಿ.ಯಲ್ಲಿ ಸೂತ್ರಗಳು ಉಳಿಯದೆ ಉತ್ತರಗಳು ಮಾತ್ರ ಉಳಿಯುವುದರಿಂದ ಮೂಲ ಕಡತವನ್ನು ಎಂದಿಗೂ ಅಳಿಸಬಾರದು.

ಯಂತ್ರವನ್ನು ದೂರಿ ಫಲವಿಲ್ಲ. ಕಳಿಸುವವರೂ ಪಡೆಯುವವರೂ ಸಾಲುಗಳ ಎಣಿಕೆಯನ್ನೂ ಒಟ್ಟು ಮೊತ್ತವನ್ನೂ ತಾಳೆ ನೋಡಬೇಕೆಂಬ ನಿಯಮವನ್ನು ಪ್ರತಿ ಸಂಘವೂ ಮಾಡಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮೊತ್ತ ಸರಿಬಂದರೂ ಖಾತೆ ಸಂಖ್ಯೆ ತಪ್ಪಿರಬಹುದು. ಆದಕಾರಣ ನೀವೂ ಸುಮ್ಮನಿರಬೇಡಿರಿ. ಮುಂದಿನ ಸಭೆಯಲ್ಲಿ ನಿಮ್ಮ ಹೆಸರಿನ ಸಾಲನ್ನು ಮುದ್ರಿಸಿ ಕೊಡುವಂತೆ ಕೇಳಿ, ಪಹಣಿ ಹಾಗೂ ಪಾಸ್‌ಬುಕ್ಕಿನೊಂದಿಗೆ ಹೋಲಿಸಿ ನೋಡಿರಿ.