ಕಾರಿನಲ್ಲಿ ಪಯಣಿಸುವ ಬೈಸಿಕಲ್ಲು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ, ರಾಮನಗರದ ಬಂಡೆಬೆಟ್ಟಗಳು ಕಣ್ಣಿಗೆ ಬೀಳುವ ಎಡೆಯಲ್ಲಿ, ವಾಚಕರು ಒಂದು ವಿಚಿತ್ರವಾದ ನೋಟವನ್ನು ಕಂಡಿರಬಹುದು. ಓಡುವ ಕಾರಿನ ನೆತ್ತಿಯ ಮೇಲೆ ಬೈಸಿಕಲ್ಲೊಂದು ನಿಂತಿರುತ್ತದೆ. ಸವಾರನನ್ನು ಹೊರಬೇಕಾದ ವಾಹನವೇ ಸವಾರಿ ಹೊರಟಿರುತ್ತದೆ! ಇದು ಬರಿಯ ಶೋಕಿಯಲ್ಲ. ೨೦೨೩ರ ಆಗಸ್ಟ್ ೧ರಿಂದ ಈ ಹೆದ್ದಾರಿಯ ನಡುಪಥಕ್ಕೆ ಮೋಟಾರು ಸೈಕಲ್ಲು, ಆಟೋ, ಟ್ರ್ಯಾಕ್ಟರುಗಳಂತೆಯೇ ಯಂತ್ರರಹಿತ ವಾಹನಗಳಿಗೂ ಪ್ರವೇಶ ನಿಷಿದ್ಧವಾಯಿತು. ಬೈಸಿಕಲ್ಲು ಅಲ್ಲಿ ಹೋಗಬೇಕಾದರೆ ಸಾಮಾನಾಗಿಯೇ ಹೋಗಬೇಕು. ಅತ್ತ ವಿಜಯಪುರ, ಬಾಗಲಕೋಟೆಗಳ ಕಡೆಯ ತರುಣ ತರುಣಿಯರು ಸೈಕಲ್ ಪಂದ್ಯಗಳಲ್ಲಿ ಹೆಸರು ಮಾಡಿದವರು. ವಿಜಯಪುರದಿಂದ ಬೆಂಗಳೂರಿನ ಸೀಮೆಗೆ ಬರಲು ಅವರು ೫೦೦ ಕಿಲೋಮೀಟರಿಗೂ ಹೆಚ್ಚಿನ ದಾರಿ ಸವೆಸಬೇಕು. ಆ ದಾರಿಯಲ್ಲಿ ಸೈಕಲ್ಲನ್ನು ಹೇಗೆ ಕಾಪಾಡಬೇಕು?

ಚೆನ್ನಾಗಿ ಹೊದಿಕೆ ಹೊದಿಸಿ ಕಾರಿನ ಮೇಲೆ ಬಿಗಿದರಾಯಿತು ಎಂಬುದು ಬಹುಮಂದಿಯ ಉತ್ತರ. ಈ ಉತ್ತರ ತಪ್ಪೆಂದು ನಾನು ಭಾವಿಸುತ್ತೇನೆ. ತಪ್ಪೆನ್ನಲು ಕಾರಣವನ್ನು ಭೌತವಿಜ್ಞಾನವೇ ಹೇಳುತ್ತದೆ.

ಗಾಳಿಯ ಒತ್ತಡವು ವೇಗದ ವರ್ಗವನ್ನು ಅನುಸರಿಸಿ ಏರುತ್ತದೆ. ಗಂಟೆಗೆ ೪೦ ಕಿಲೋಮೀಟರ್ ವೇಗದಲ್ಲಿ ತುಳಿಯುವ ಪಂದ್ಯಗಾರನ ಸೈಕಲ್ಲು ಎದುರಿಸುವ ಗಾಳಿಗಿಂತ, ೧೦೦ ಕಿಲೋಮೀಟರ್ ವೇಗದ ಕಾರಿನ ಮೇಲಿರುವ ಸೈಕಲ್ಲು ಎದುರಿಸುವ ಒತ್ತಡ ಆರು ಪಟ್ಟಿಗೂ ಮಿಗಿಲು. ಲೆಕ್ಕ ಹಾಕಿದರೆ, ಆ ವೇಗದ ಗಾಳಿಗೆ ಅಡ್ಡಲಾಗಿ ಹಿಡಿದ ಒಂದು ಚದರ ಮೀಟರ್ ಹಲಗೆಯ ಮೇಲೆ ೪೦ ಕಿಲೋಗ್ರಾಮಿಗೂ ಹೆಚ್ಚಿನ ಭಾರವಿಟ್ಟಂತಾಗುತ್ತದೆ. ಬರಿಯ ಸೈಕಲ್ಲಿನ ಮೈಯಾದರೋ ಬಹುಪಾಲು ಬಯಲು. ಕಡ್ಡಿಗಳ ನಡುವೆ, ಕೊಳವೆಗಳ ನಡುವೆ ಗಾಳಿ ತೂರಿಹೋಗುತ್ತದೆ. ಅದಕ್ಕೆ ಬಟ್ಟೆ ಹೊದಿಸಿದೊಡನೆ ಅದು ದೋಣಿಯ ಹಾಯಿಯಾಗುತ್ತದೆ. ಅಡ್ಡಗಾಳಿ ಬೀಸಿದಾಗ ಆ ಹಾಯಿಯ ಸೆಳೆತವೆಲ್ಲ ಬೀಳುವುದು ಸೈಕಲ್ಲನ್ನು ಹಿಡಿದಿರುವ ಒಂದೆರಡು ಬಿಗಿತಗಳ ಮೇಲೆ.

ಇನ್ನೊಂದು ಕೇಡು ಕಣ್ಣಿಗೆ ಕಾಣದು. ಹೊದಿಕೆ ಗಾಳಿಗೆ ಬಡಿದಾಡುತ್ತದೆ. ಅದರೊಳಕ್ಕೆ ರಸ್ತೆಯ ಧೂಳು ಸೇರುತ್ತದೆ. ರಾಮನಗರ, ಮಾಗಡಿ, ಕನಕಪುರಗಳ ಸೀಮೆಯ ಧೂಳೆಂದರೆ ಗ್ರಾನೈಟು ಶಿಲೆಯ ಪುಡಿ. ಅದರಲ್ಲಿರುವ ಬೆಣಚುಕಲ್ಲಿನ ಕಣ ಗಾಜಿಗಿಂತಲೂ ಗಡಸು. ಬಣ್ಣವಂತೂ ಅದಕ್ಕೆ ಈಡೇ ಅಲ್ಲ. ಬಟ್ಟೆಯೂ ಧೂಳೂ ಕೂಡಿ ಉಪ್ಪುಕಾಗದವಾಯಿತು. ನಾನು ಒಮ್ಮೆ ಇಂತಹ ಹೊದಿಕೆಯನ್ನು ಬಹು ಶ್ರದ್ಧೆಯಿಂದ ಕಟ್ಟಿ, ಊರು ತಲಪಿ ಬಿಚ್ಚಿ ನೋಡಿದಾಗ ಮೇಲಿನ ಕೊಳವೆಯ ಹೊಳಪು ಅಂಗೈಯಗಲ ಮಾಯವಾಗಿತ್ತು. ಹೊದಿಸದೆ ಬಿಟ್ಟಿದ್ದರೆ ಕೆಸರಷ್ಟೇ ಮೆತ್ತುತ್ತಿತ್ತು, ಅದನ್ನು ತೊಳೆಯಬಹುದಿತ್ತು.

ಬಣ್ಣ ಹೋದರೆ ಹೋಗಲಿ. ಭಯಪಡಬೇಕಾದದ್ದು ಫ್ರೇಮಿನ ಬಗ್ಗೆ. ಪಂದ್ಯದ ಸೈಕಲ್ಲು ೬.೮ ಕಿಲೋಗ್ರಾಮಿಗಿಂತ ಹಗುರವಾಗಿರಬಾರದೆಂದು ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟ ನಿಯಮ ಮಾಡಬೇಕಾಯಿತೆಂದರೆ, ಇವು ಎಷ್ಟು ಹಗುರವಾಗಬಲ್ಲವೆಂಬುದನ್ನು ಊಹಿಸಿಕೊಳ್ಳಿ. ಈ ಹಗುರತನದ ಗುಟ್ಟು ಇಂಗಾಲದ ಎಳೆ. ರಾಮನಗರದವರಿಗೆ ಇದನ್ನು ತಿಳಿಸುವುದು ಸುಲಭ. ಅವರ ಊರಿನ ಮಾರುಕಟ್ಟೆಯಲ್ಲಿ ದಿನವೂ ಮಾರಾಟವಾಗುವ ರೇಷ್ಮೆಗೂಡೇ ಅದರ ಮಾದರಿ. ಹುಳುವು ನೂರಾರು ಮೀಟರ್ ಉದ್ದದ ಎಳೆಯನ್ನು ಸುತ್ತಿ ಸುತ್ತಿ, ಸೆರಿಸಿನ್ ಎಂಬ ಅಂಟಿನಿಂದ ಪದರಗಳನ್ನು ಬೆಸೆದು ಗೂಡು ಕಟ್ಟುತ್ತದೆ. ಕಾರ್ಖಾನೆಯಲ್ಲಿ ಇಂಗಾಲದ ಎಳೆಗಳನ್ನು ಎಪಾಕ್ಸಿ ರಾಳದಿಂದ ಬೆಸೆದು ಫ್ರೇಮು ಮಾಡುತ್ತಾರೆ. ಎಳೆಯ ಉದ್ದಕ್ಕೆ ಎಳೆದರೆ ಇದಕ್ಕೆ ಅಪಾರ ಬಲ. ಆದರೆ ಪಕ್ಕದಿಂದ ಒಂದೇ ಬಿಂದುವಿನಲ್ಲಿ ಹಿಸುಕಿದರೆ ತೆಳು ಗೋಡೆ ಸೀಳುತ್ತದೆ. ಉಕ್ಕಾದರೆ ನೆಗ್ಗಿ ತನ್ನ ನೋವನ್ನು ತೋರಿಸುತ್ತದೆ. ಇಂಗಾಲದ ಫ್ರೇಮು ಪದರಗಳು ಬಿಟ್ಟುಕೊಂಡಿದ್ದರೂ ಹೊರಗೆ ಸುಖವಾಗಿರುವಂತೆ ನಟಿಸಿ, ಮುಂದೊಂದು ದಿನ ಇಳಿಜಾರಿನಲ್ಲಿ ಮುರಿಯಬಹುದು. ಆದಕಾರಣ ಮೇಲಿನ ಕೊಳವೆಯನ್ನೇ ಇಕ್ಕಳದಂತೆ ಹಿಡಿಯುವ ಚೌಕಟ್ಟುಗಳನ್ನು ಇಂತಹ ಸೈಕಲ್ಲಿಗೆ ಬಳಸಲೇಬಾರದು. ಹಿಂಬದಿಗೆ ಕಟ್ಟುವವರು ಚಕ್ರವು ಹೊಗೆಕೊಳವೆಯ ಎದುರಿಗೆ ಬಾರದಂತೆಯೂ ನೋಡಿಕೊಳ್ಳಬೇಕು. ಆ ಬಿಸಿಗೆ ಟಯರೂ ರಿಮ್ಮೂ ಕೆಡುತ್ತವೆ.

ನೆತ್ತಿಯ ಮೇಲೆ ಕಟ್ಟುವವರಿಗೆ ಇನ್ನೊಂದು ಅಪಾಯವಿದೆ, ಅದು ಮರೆವು. ಒಂದೂವರೆ ಮೀಟರ್ ಎತ್ತರದ ಕಾರಿನ ಮೇಲೆ ಒಂದು ಮೀಟರಿನ ಸೈಕಲ್ಲು. ದಿನವೆಲ್ಲ ಓಡಿಸಿ ದಣಿದ ಚಾಲಕ, ರಾತ್ರಿ ವಸತಿಗೃಹದ ನೆಲಮಾಳಿಗೆಗೆ ಕಾರನ್ನು ಇಳಿಸುವಾಗ ತನ್ನ ಕಾರಿನ ಎತ್ತರವನ್ನಷ್ಟೇ ನೆನೆಯುತ್ತಾನೆ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು: ಹಿಂದಿನ ಆಸನವನ್ನು ಮಡಿಸಿ, ಎರಡೂ ಚಕ್ರಗಳನ್ನು ಕಳಚಿ, ಸೈಕಲ್ಲನ್ನು ಕಾರಿನ ಒಳಗೇ ಮಲಗಿಸಬೇಕು. ಒಬ್ಬ ಗೆಳೆಯನ ಜಾಗ ಹೋಗುತ್ತದೆ, ನಿಜ. ಚೈನು ಮತ್ತು ಗೇರುಗಳಿರುವ ಬಲಮಗ್ಗುಲು ಮೇಲಿರಬೇಕು. ಹಿಂದಿನ ಗೇರಿನ ಯಂತ್ರ ನೇತುಬಿದ್ದಿರುವ ಲೋಹದ ತುಂಡು ಬೇಕೆಂದೇ ಮೆತ್ತಗೆ ಮಾಡಿದ್ದು, ಸ್ವಲ್ಪ ಭಾರಕ್ಕೆ ಬಾಗುತ್ತದೆ. ಡಿಸ್ಕ್ ಬ್ರೇಕಾದರೆ ಅದರ ಎರಡು ಬಿಲ್ಲೆಗಳ ನಡುವೆ ರಟ್ಟಿನ ಚೂರನ್ನು ಸಿಕ್ಕಿಸಿ. ಚಕ್ರವಿಲ್ಲದಾಗ ಯಾರಾದರೂ ಹಿಡಿ ಒತ್ತಿದರೆ ಅವು ಕೂಡಿಕೊಂಡುಬಿಡುತ್ತವೆ. ಚಕ್ರ ಕಳಚಿದ ಮುಂಗವಲಿನ ಎರಡು ತುದಿಗಳ ನಡುವೆ ೧೦೦ ಮಿಲಿಮೀಟರಿನ ಒಂದು ಅಡ್ಡತುಂಡನ್ನು ಇಡಬೇಕು. ಇಲ್ಲವಾದರೆ ಮೇಲೆ ಬಿದ್ದ ಪೆಟ್ಟಿಗೆಯೊಂದು ಕವಲನ್ನು ಒಳಕ್ಕೆ ಹಿಸುಕೀತು. ಇದಕ್ಕೆ ಪೇಟೆಯ ಪ್ಲಾಸ್ಟಿಕ್ಕೇ ಏಕೆ? ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಕಡೆದು ಅರಗಿನ ಬಣ್ಣವೇರಿಸಿ ಬೊಂಬೆ ಮಾಡುವ ಕುಶಲಿಗಳಿಗೆ ಅಂತಹ ತುಂಡೊಂದು ಕೆಲವು ನಿಮಿಷಗಳ ಕೆಲಸ. ಅಳತೆ ಹೇಳಿ ಮಾಡಿಸಿಕೊಳ್ಳುವ ಸೈಕಲ್ ಸಂಘಗಳು ಇದ್ದರೆ ಸಾಕು.

ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಟಯರು ಸಿಡಿಯುವುದಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಲೆಕ್ಕ ಮಾಡೋಣ. ೨೭ ಡಿಗ್ರಿಯ ಗಾಳಿ ೬೦ ಡಿಗ್ರಿಗೆ ಏರಿದರೆ ನಿರಪೇಕ್ಷ ಉಷ್ಣಮಾನ ೩೦೦ರಿಂದ ೩೩೩ಕ್ಕೆ ಏರಿತು. ಒತ್ತಡವೂ ನೂರಕ್ಕೆ ಹನ್ನೊಂದರಷ್ಟೇ ಏರುತ್ತದೆ. ಮಾಪಕದಲ್ಲಿ ೭ ಇದ್ದದ್ದು ಸುಮಾರು ೮ ಆದೀತು. ಒಳ್ಳೆಯ ಟಯರು ಇದನ್ನು ತಾಳುತ್ತದೆ. ಸಂದೇಹವಿದ್ದರೆ ತುಸು ಗಾಳಿ ಬಿಡಿ, ಪೂರ್ತಿ ಬಿಡಬೇಕಾಗಿಲ್ಲ.

ಊರು ತಲಪಿದ ಮೇಲೆ, ಜೋಡಿಸುವ ಮುನ್ನ, ಒಂದು ನಾಣ್ಯದಿಂದ ಫ್ರೇಮನ್ನು ಉದ್ದಕ್ಕೂ ಮೆಲ್ಲನೆ ತಟ್ಟುತ್ತ ಹೋಗಿ. ಗಟ್ಟಿಯಾದ ಕಡೆ ಟಣ್ ಎನ್ನುವ ದನಿ. ಒಂದು ಕಡೆ ಮಾತ್ರ ಮಂಕಾಗಿ ಡಬ್ ಎಂದರೆ ಅಲ್ಲಿ ಪದರ ಬಿಟ್ಟಿರಬಹುದು. ಅಂತಹ ಸೈಕಲ್ಲನ್ನು, ಪಂದ್ಯ ಮರುದಿನವೇ ಇದ್ದರೂ, ಬಲ್ಲವರು ನೋಡುವ ತನಕ ಹತ್ತಬಾರದು.

ಇಷ್ಟೆಲ್ಲ ಜೋಪಾನದ ಮಾತನಾಡುವಾಗ ನನಗೊಂದು ಅಸಮಾಧಾನ ಉಳಿದೇ ಇದೆ. ರಾಮನಗರದಿಂದ ಚನ್ನಪಟ್ಟಣಕ್ಕೆ ಕಾಲೇಜಿಗೆ ಹೋಗುವ ಹುಡುಗ ತನ್ನ ಸೈಕಲ್ಲನ್ನು ಹೇರಲು ಕಾರನ್ನು ಎಲ್ಲಿಂದ ತಂದಾನು? ಅವನ ಪಾಲಿಗೆ ಇರುವುದು ಪಕ್ಕದ ಸೇವಾರಸ್ತೆ. ಅದರ ಅಂಚಿನಲ್ಲಿ ಸೈಕಲ್ಲಿಗೆಂದು ಒಂದೂವರೆ ಮೀಟರ್ ಅಗಲದ ಪಟ್ಟಿಯನ್ನು ಬಿಡಿಸಿಕೊಡುವುದು, ನಡುಪಥವನ್ನು ಕಟ್ಟಿದವರಿಗೆ ದೊಡ್ಡ ಕೆಲಸವೇನಲ್ಲ.