ಹೊಗೆಸೊಪ್ಪಿನ ಸಂಶೋಧನೆಗೂ ಹೋಲಿಕೆ ತಾಕು ಬೇಕು



ಹೊಸ ರಾಗಿ ತಳಿ ಊರಿಗೆ ಬಂದಾಗ ಅದರ ಬಗ್ಗೆ ಎಷ್ಟು ಪುಸ್ತಕ ಅಚ್ಚಾಗಿದೆ ಎಂದು ನೀವು ಕೇಳುವುದಿಲ್ಲ. ಪಕ್ಕದ ತಾಕಿನ ಹಳೆ ಬೀಜಕ್ಕಿಂತ ಎಷ್ಟು ಹೆಚ್ಚು ಕೊಟ್ಟಿತು ಎಂದು ಕೇಳುತ್ತೀರಿ. ಹೊಗೆಸೊಪ್ಪಿನ ಕೆಡುಕನ್ನು ತಿಳಿಸುವ ಸಂಶೋಧನೆಗೂ ಇದೇ ಅಳತೆ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ.

ವಿದ್ವಾಂಸರ ಅಳತೆ ಬೇರೆ. ಒಬ್ಬರ ಪ್ರಬಂಧವನ್ನು ಇತರರು ತಮ್ಮ ಪ್ರಬಂಧಗಳಲ್ಲಿ ಎಷ್ಟು ಸಲ ಹೆಸರಿಸಿದರು ಎಂದು ಎಣಿಸಿ ಪ್ರಭಾವ ಗೊತ್ತುಮಾಡುತ್ತಾರೆ. ಕಡ್ಡಿಪುಡಿ ಹಾಕುವವನ ಬಾಯಿಗೂ ಈ ಎಣಿಕೆಗೂ ಏನು ಸಂಬಂಧ? ಅವರನ್ನೇ ದೂರಿ ಫಲವಿಲ್ಲ. ನಾನೂ ತಿಂಗಳ ವರದಿಯಲ್ಲಿ ಎಷ್ಟು ಸಭೆ, ಎಷ್ಟು ಕರಪತ್ರ ಎಂದೇ ಬರೆಯುತ್ತೇನೆ.

ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಇಂಗ್ಲೆಂಡಿನಲ್ಲಿ ಡಾಲ್ ಮತ್ತು ಹಿಲ್ 1950ರಲ್ಲೇ ಪ್ರಕಟಿಸಿದರು. ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ದೇಶಾದ್ಯಂತ ತಡೆಯುವ ನಮ್ಮ ಕಾಯಿದೆ ಆದದ್ದು 2003ರಲ್ಲಿ. ಭಾರತದಲ್ಲಿ 15 ವರ್ಷ ದಾಟಿದವರ ಪೈಕಿ ತಂಬಾಕು ಬಳಸುವವರು 2009-10ರಲ್ಲಿ ನೂರಕ್ಕೆ 34.6 ಇದ್ದದ್ದು 2016-17ಕ್ಕೆ 28.6ಕ್ಕೆ ಇಳಿಯಿತು. ಸಂತೋಷವೇ. ಆದರೆ ಇಳಿದದ್ದೆಲ್ಲ ಸಂಶೋಧನೆಯಿಂದ ಎನ್ನುವುದು, ಒಳ್ಳೆ ಮಳೆಯಾದ ವರ್ಷ ಗೊಬ್ಬರದಿಂದಲೇ ಬೆಳೆ ಬಂತು ಎಂದಂತೆ.

ಹೋಲಿಕೆ ತಾಕು ಇಟ್ಟು ಅಳೆದವರೂ ಇದ್ದಾರೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಕೇರಳದ ಎರ್ನಾಕುಲಂ, ಆಂಧ್ರದ ಶ್ರೀಕಾಕುಳಂ, ಗುಜರಾತಿನ ಭಾವನಗರ ಸೀಮೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ತಂಬಾಕು ಬಳಸುವ ಸುಮಾರು 36,000 ಜನರನ್ನು ಹಿಡಿದರು. ವರ್ಷಕ್ಕೊಮ್ಮೆ ಬಾಯಿ ನೋಡಿದರು, ಬಿಡಿ ಎಂದು ಎದುರಿಗೇ ಕೂತು ಹೇಳಿದರು. ಅದೇ ಸೀಮೆಗಳಲ್ಲಿ ಮೊದಲು, ಇಂಥ ತಿಳಿವಳಿಕೆ ಕೊಡದೆ ಬರೀ ಪರೀಕ್ಷಿಸುತ್ತ ಬಂದಿದ್ದ ಬೇರೆ ಜನರ ಲೆಕ್ಕ ಅವರ ಕೈಯಲ್ಲಿತ್ತು. ಎರಡನ್ನೂ ತೂಗಿ ನೋಡಿ 1986ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಹೇಳಿಸಿಕೊಂಡವರಲ್ಲಿ ಬಿಟ್ಟವರು ಹೆಚ್ಚು. ಕ್ಯಾನ್ಸರಿಗೆ ದಾರಿಯಾಗಬಲ್ಲ ಬಿಳಿ ಮಚ್ಚೆ ಹೊಸದಾಗಿ ಕಾಣಿಸಿಕೊಂಡದ್ದು ಕಡಿಮೆ. ಬಿಡದವರೇ ಬಹುಮಂದಿ ಎಂಬುದೂ ನಿಜ. ಆದರೂ ಇದು ಹೊಲದಲ್ಲಿ ನಿಂತು ಮಾಡಿದ ಅಳತೆ.

ಹುಣಸೂರು, ಪಿರಿಯಾಪಟ್ಟಣದ ಕಡೆ ಇದೇ ಸೊಪ್ಪು ಬೆಳೆದು ಬದುಕುವ ರೈತರಿಗೆ ಈ ಮಾತು ಹಿತವಾಗದು, ಬಲ್ಲೆ. ಅವರಿಗೆ ಬದಲಿ ಬೆಳೆ ಯಾವುದು ಎಂಬುದು ಬೇರೆಯೇ ಚರ್ಚೆ, ಅದನ್ನೂ ಮಾಡೋಣ.

ಈಗ ವಾಚನಾಲಯದಲ್ಲಿ ಕುಳಿತ ನೀವು ಒಂದು ಕೆಲಸ ಮಾಡಿ. ನಿಮ್ಮ ಬೀದಿಯಲ್ಲಿ ಬೀಡಿ, ಕಡ್ಡಿಪುಡಿ, ನಶ್ಯ ಬಳಸುವವರು ಎಷ್ಟು ಮಂದಿ ಎಂದು ಬರೆದಿಡಿ. ಅವರಿಗೆ ಈ ಪುಟ ಓದಿ ಹೇಳಿ. ಯಾರೂ ಓದಿ ಹೇಳದ ಪಕ್ಕದ ಬೀದಿಯನ್ನೂ ಎಣಿಸಿಡಿ. ಬರುವ ಯುಗಾದಿಗೆ ಎರಡನ್ನೂ ಮತ್ತೆ ಎಣಿಸಿ, ಒಂದು ಕಾರ್ಡು ಹಾಕಿ ತಿಳಿಸಿ.